ಹಗ್ಗ ತಿರುಗಿಸಿದರೆ ಹೊಟ್ಟೆ ತುಂಬುತ್ತಾ?

ಸಂಜೆ ಹೊತ್ತು ತಾರಸಿಯ ಮೇಲೆ ಹತ್ತಿಹಗ್ಗ ತಿರುಗಿಸುವುದು ನನ್ನ ಅಭ್ಯಾಸ. ಅಮೆರಿಕದ ರೋಡಿಯೊಗಳಲ್ಲಿ, ಅಂದರೆ ದನ-ಕುದುರೆ ಪಳಗಿಸುವ ಪಂದ್ಯಗಳಲ್ಲಿ, ಕೌಬಾಯ್‌ಗಳು ತೋರಿಸುವ ಹಗ್ಗದಾಟ ಇದು. ನೋಡಿದವರೆಲ್ಲ ಕೇಳುತ್ತಾರೆ: "ಇದನ್ನೇ ಮಾಡಿ ಯಾರಾದರೂ ಬದುಕಿದ್ದುಂಟಾ?"

ಉಂಟು. ವಿಲ್ ರಾಜರ್ಸ್ ಬದುಕಿದರು.

ಹುಟ್ಟಿದ್ದು 1879ರಲ್ಲಿ, ಈಗಿನ ಓಕ್ಲಹೋಮದಲ್ಲಿ, ಚೆರೋಕಿ ಎಂಬ ಅಮೆರಿಕದ ಮೂಲನಿವಾಸಿ ಜನಾಂಗದ ಮನೆತನದಲ್ಲಿ. ಹಗ್ಗ ಎಸೆಯಲು ಕಲಿಸಿದ್ದು ಅವರ ಜಮೀನಿನಲ್ಲೇ ದುಡಿಯುತ್ತಿದ್ದ ಡ್ಯಾನ್ ವಾಕರ್ ಎಂಬ ಕಪ್ಪು ಕೌಬಾಯ್. ಅದು ದನ ಹಿಡಿಯುವ ವಿದ್ಯೆ. 1893ರಲ್ಲಿ ಷಿಕಾಗೊದಲ್ಲಿ ಮೆಕ್ಸಿಕೊದ ವಿಸೆಂಟೆ ಒರೊಪೆಸಾ ಅವರ ಆಟ ಕಂಡ ಮೇಲೆ ಹುಡುಗನಿಗೆ ಹಗ್ಗದ ಹುಚ್ಚು ಹಿಡಿಯಿತು.

1902ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸರ್ಕಸ್ ಸೇರಿದರು. 1905ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎತ್ತೊಂದು ಬೆದರಿ ಜನರ ನಡುವೆ ನುಗ್ಗಿತು. ರಾಜರ್ಸ್ ಅದಕ್ಕೆ ಹಗ್ಗ ಬೀಸಿದ್ದು ಪೇಪರುಗಳಲ್ಲಿ ಬಂತು. ಆಮೇಲೆ ನಾಟಕದ ರಂಗಕ್ಕೇ ಕುದುರೆ ತಂದರು! ಹಲಗೆಯ ಮೇಲೆ ಜಾರದಿರಲಿ ಅಂತ ಅದರ ಗೊರಸಿಗೆ ಮೆತ್ತನೆಯ ಬೂಟು ತೊಡಿಸುತ್ತಿದ್ದರು. ಆಡುತ್ತಾ ಮಾತಾಡಿದರು, ಮಾತಿಗೆ ಜನ ನಕ್ಕರು. ಆ ಮಾತೇ ಮುಂದೆ ಪತ್ರಿಕೆಯ ಅಂಕಣ, ರೇಡಿಯೊ, ಸಿನಿಮಾ ಆಯಿತು. 1935ರಲ್ಲಿ ಅಲಾಸ್ಕಾದಲ್ಲಿ ವಿಮಾನ ಬಿದ್ದು ತೀರಿಕೊಳ್ಳುವ ಹೊತ್ತಿಗೆ ಹಾಲಿವುಡ್ಡಿನ ದೊಡ್ಡ ತಾರೆ.

ಕುಣಿಕೆ ಬೀಳದೆ ನಿಲ್ಲೋದು ಹೇಗೆ ಅಂತಲೂ ಕೇಳುತ್ತಾರೆ. ಹಗ್ಗದ ತುದಿಯಲ್ಲಿ ಸಣ್ಣ ಕಣ್ಣೊಂದಿದೆ, ಹಗ್ಗ ಅದರೊಳಗೆ ತೂರಿ ಕುಣಿಕೆಯಾಗುತ್ತದೆ. ತಿರುಗಿಸುವಾಗ ಗಟ್ಟಿಯಾಗಿ ಹಿಡಿದಿರೋ, ಸುತ್ತು ಸುತ್ತಿಗೂ ಹುರಿ ಏರುತ್ತಾ ಹೋಗಿ ಕುಣಿಕೆ ಮುದುಡಿ ಬೀಳುತ್ತದೆ. ಪ್ರತಿ ಸುತ್ತಿಗೂ ಹಗ್ಗ ಬೆರಳ ಸಂದಿಯಲ್ಲಿ ಹೊರಳಬೇಕು, ಬತ್ತಿ ಹೊಸೆದ ಹಾಗೆ. ಇಷ್ಟು ಕೈಗೆ ಹತ್ತಲು ನನಗೆ ತಿಂಗಳುಗಳೇ ಹಿಡಿದವು.

ರಾಜರ್ಸ್ ಒಟ್ಟಿಗೇ ಮೂರು ಹಗ್ಗ ಎಸೆಯುತ್ತಿದ್ದರು. ಒಂದು ಓಡುವ ಕುದುರೆಯ ಕೊರಳಿಗೆ, ಒಂದು ಸವಾರನಿಗೆ, ಇನ್ನೊಂದು ಕುದುರೆಯ ನಾಲ್ಕೂ ಕಾಲಿಗೆ. 1922ರ 'ದಿ ರೋಪಿನ್ ಫೂಲ್' ಮೂಕಿ ಚಿತ್ರದಲ್ಲಿ ಇದೆಲ್ಲ ಇದೆ. ಕ್ಯಾಮೆರಾಗೆ ಎದ್ದು ಕಾಣಲಿ ಅಂತ ಹಗ್ಗಕ್ಕೆ ಬಿಳಿ ಬೂಟ್ ಪಾಲಿಶ್ ಬಳಿದಿದ್ದರಂತೆ. ನಿಧಾನಗತಿಯ ದೃಶ್ಯ ಬಂದಾಗ ಎಲ್ಲರೂ ಕುಣಿಕೆ ನೋಡುತ್ತಾರೆ. ನೀವು ಸ್ವಲ್ಪ ಅವರ ಬೆರಳು ನೋಡಿ.