ಉಳಿಸಿದ ಸಮಯ ಯಾರ ಪಾಲಾಯಿತು?

1930ರಲ್ಲಿ, ಮಹಾ ಆರ್ಥಿಕ ಕುಸಿತ ಜಗತ್ತನ್ನು ಆವರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮುಂದಿನ ನೂರು ವರ್ಷಗಳ ಬಗ್ಗೆ ಆಶಾದಾಯಕವಾದ ಒಂದು ಊಹೆಯನ್ನು ಮುಂದಿಟ್ಟರು. ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರುತ್ತದೆ, ಆಗ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ, ಉಳಿದ ಬಿಡುವನ್ನು ಹೇಗೆ ಕಳೆಯುವುದೆಂಬುದೇ ಅವನ ದೊಡ್ಡ ಸಮಸ್ಯೆಯಾಗುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಸಂಪತ್ತಿನ ಮಟ್ಟಿಗೆ ಈ ಊಹೆ ಬಹುತೇಕ ನಿಜವಾಯಿತು. ಬಿಡುವಿನ ಮಟ್ಟಿಗೆ ಆಗಲಿಲ್ಲ. ಕೇನ್ಸ್ ಕನಸಿನಲ್ಲೂ ಕಂಡಿರದ ಯಂತ್ರವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಾವು ಇಂದು ಪುರುಸೊತ್ತಿಲ್ಲ ಎನ್ನುತ್ತಿದ್ದೇವೆ.

ತಂತ್ರಜ್ಞಾನ ಸಮಯ ಉಳಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂದೊಂದೇ ಕೆಲಸವನ್ನು ತೆಗೆದುಕೊಂಡು ನೋಡಿದರೆ ಖಂಡಿತ ಉಳಿಸುತ್ತದೆ. ಆದರೆ ಹಾಗೆ ಉಳಿದ ಸಮಯ ನಮ್ಮ ಕೈಯಲ್ಲಿ ನಿಲ್ಲುವುದಿಲ್ಲ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ವಿಷಯದಲ್ಲಿ ಇಂಥದ್ದೇ ಒಂದು ವಿಚಿತ್ರವನ್ನು ಗುರುತಿಸಿದ್ದರು. ಉಗಿಯಂತ್ರಗಳು ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ಎಲ್ಲರೂ ಎಲ್ಲದಕ್ಕೂ ಬಳಸತೊಡಗಿದ್ದೇ ಅದಕ್ಕೆ ಕಾರಣ. ಸಮಯಕ್ಕೂ ಈ ಮಾತು ಒಪ್ಪುತ್ತದೆ. ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದ ಮೇಲೆ ಒಂದು ಸಲ ತೊಟ್ಟ ಬಟ್ಟೆಯೂ ಕೊಳೆ ಬಟ್ಟೆಯ ಲೆಕ್ಕಕ್ಕೆ ಸೇರಿತು.

ಪತ್ರವ್ಯವಹಾರದಲ್ಲಂತೂ ಇದು ಕಣ್ಣಿಗೆ ಕಟ್ಟಿದಂತಿದೆ. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇಮೇಲ್ ಕಳಿಸಿದರು. ಅದಕ್ಕೂ ಮುಂಚಿನ ಕಚೇರಿಗಳಲ್ಲಿ ಪತ್ರದ ಪ್ರತಿ ಇನ್ನೊಬ್ಬರಿಗೆ ಹೋಗಬೇಕಾದರೆ ಟೈಪ್ ಮಾಡುವವರು ಹಾಳೆಗಳ ನಡುವೆ ಕಾರ್ಬನ್ ಕಾಗದ ಇಡಬೇಕಿತ್ತು, ಮೂರನೆಯದೋ ನಾಲ್ಕನೆಯದೋ ಪ್ರತಿಯ ಹೊತ್ತಿಗೆ ಅಕ್ಷರ ಮಸುಕಾಗುತ್ತಿತ್ತು. ಹಾಗಾಗಿ ಈ ಪತ್ರ ನಿಜವಾಗಿ ಯಾರಿಗೆ ಬೇಕು ಎಂದು ಬರೆಯುವವರು ಯೋಚಿಸುತ್ತಿದ್ದರು. ಈಗ ಹೆಸರಿನ ಮೊದಲೆರಡು ಅಕ್ಷರ ಒತ್ತಿದರೆ ಉಳಿದದ್ದು ತಾನಾಗಿಯೇ ತುಂಬಿಕೊಳ್ಳುತ್ತದೆ, ಹನ್ನೆರಡು ಜನರಿಗೆ ಪ್ರತಿ ಹೋಗುತ್ತದೆ, ತಮಗೆ ಸಂಬಂಧವಿದೆಯೇ ಇಲ್ಲವೇ ಎಂದು ತಿಳಿಯುವುದಕ್ಕಾಗಿಯೇ ಆ ಹನ್ನೆರಡೂ ಜನ ಅದನ್ನು ಓದಬೇಕಾಗುತ್ತದೆ. ಕಳಿಸುವವರ ಶ್ರಮ ಮಾಯವಾಗಲಿಲ್ಲ. ಓದುವವರ ತಲೆಗೆ ಬಂತು.

ಶ್ರಮದ ಜೊತೆಗೆ ನಿರೀಕ್ಷೆಯೂ ಬದಲಾಯಿತು. ಅಂಚೆಯ ಕಾಲದಲ್ಲಿ ಉತ್ತರ ತಡವಾದರೆ ಅಂಚೆ ತಡವಾಗಿದೆ ಎಂದುಕೊಳ್ಳಲು ಎರಡೂ ಕಡೆಯವರಿಗೆ ಅವಕಾಶವಿತ್ತು. ವಾಟ್ಸಾಪ್ 2014ರ ನವೆಂಬರಿನಲ್ಲಿ ನೀಲಿ ಗೆರೆಗಳನ್ನು ತಂದ ಮೇಲೆ ಆ ಸೌಜನ್ಯದ ತೆರೆಯೂ ಸರಿಯಿತು. ನೋಡಿಯೂ ಉತ್ತರಿಸಲಿಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತು, ಸುಮ್ಮನಿರುವುದೂ ಒಂದು ಬಗೆಯ ಉತ್ತರವಾಯಿತು. ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಕೆಲಸದ ವೇಳೆಯ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಜಾರಿಗೆ ಬಂತು. 2024ರಲ್ಲಿ ಆಸ್ಟ್ರೇಲಿಯಾ ಇದೇ ಹಾದಿ ಹಿಡಿಯಿತು. ಸಂಜೆ ಮನೆಗೆ ಹೋದವರನ್ನು ಅವರ ಪಾಡಿಗೆ ಬಿಡುವುದಕ್ಕೂ ಕಾನೂನು ಬೇಕಾಯಿತೆಂಬುದು ನನಗೆ ಈಗಲೂ ಸೋಜಿಗವೆನಿಸುತ್ತದೆ.

ಇದೆಲ್ಲ ಆಗಾಗ ಚರ್ಚೆಗೆ ಬರುವ ಸಂಗತಿ. ನನ್ನನ್ನು ಹೆಚ್ಚು ಕಾಡುವುದು ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಬದಲಾವಣೆ: ಕೌಂಟರಿನ ಆಚೆ ಬದಿಯಲ್ಲಿ ಸಂಬಳ ಪಡೆದು ಒಬ್ಬರು ಮಾಡುತ್ತಿದ್ದ ಕೆಲಸ ಸದ್ದಿಲ್ಲದೆ ಈಚೆ ಬದಿಗೆ, ಅಂದರೆ ನಮ್ಮ ಪಾಲಿಗೆ ಬಂದಿರುವುದು. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರವನ್ನು ನಿಲ್ಲಿಸಿದಾಗ ಗ್ರಾಹಕನಿಗೆ ದಕ್ಕಿದ್ದು ಶುದ್ಧ ಲಾಭವೇ. ಬಾಗಿಲು ಮುಚ್ಚಿದ ಮೇಲೂ ಹಣ ಸಿಗುವಂತಾಯಿತು. ಅಲ್ಲಿಂದ ಮುಂದೆ ಟಿಕೆಟ್ ಕಾಯ್ದಿರಿಸುವುದು, ಅರ್ಜಿ ತುಂಬುವುದು, ವಿಳಾಸ ತಿದ್ದುವುದು, ದೂರು ದಾಖಲಿಸುವುದು, ದಾಖಲೆಯನ್ನು ಸ್ಕ್ಯಾನ್ ಮಾಡಿ ಏರಿಸುವುದು ಎಲ್ಲವೂ ಒಂದೊಂದಾಗಿ ನಮ್ಮ ಬೆರಳ ತುದಿಗೆ ಬಂದವು. ಸಂಬಳದ ದುಡಿಮೆಯ ಬೆನ್ನಿಗಂಟಿಕೊಂಡು ಬರುವ, ಯಾವ ಲೆಕ್ಕದಲ್ಲೂ ಸೇರದ ದುಡಿಮೆಯನ್ನು ಚಿಂತಕ ಇವಾನ್ ಇಲಿಚ್ 1980ರ ದಶಕದ ಆರಂಭದಲ್ಲೇ ನೆರಳಿನ ದುಡಿಮೆ ಎಂದು ಕರೆದಿದ್ದರು. ಇಂಟರ್ನೆಟ್ ಮನೆಮನೆಗೆ ಬರುವ ಮುಂಚಿನ ಮಾತದು.

ಆನ್‌ಲೈನ್ ಅರ್ಜಿಯೊಂದನ್ನು ತುಂಬುವ ಪಾಡನ್ನು ಹತ್ತಿರದಿಂದ ನೋಡಿದರೆ ಈ ದುಡಿಮೆಯ ಸ್ವರೂಪ ಗೊತ್ತಾಗುತ್ತದೆ. ಭಾವಚಿತ್ರ 50 ಕೆಬಿ ಮೀರಬಾರದು, 20 ಕೆಬಿಗಿಂತ ಕಡಿಮೆಯೂ ಇರಬಾರದು. ಸಹಿಯನ್ನು ಬಿಳಿ ಹಾಳೆಯ ಮೇಲೆ ಮಾಡಿ, ಫೋಟೋ ತೆಗೆದು, ಕತ್ತರಿಸಿ, ಬೇರೆಯದೇ ಅಳತೆಗೆ ಕುಗ್ಗಿಸಬೇಕು. ಒಟಿಪಿ ಬರುವಷ್ಟರಲ್ಲಿ ಪುಟದ ಅವಧಿ ಮುಗಿದಿರುತ್ತದೆ, ತುಂಬಿದ್ದೆಲ್ಲ ಅಳಿಸಿಹೋಗಿರುತ್ತದೆ. ಕೊನೆಗೆ ನೀವು ಮನುಷ್ಯರೇ ಎಂದು ಯಂತ್ರಕ್ಕೆ ರುಜುವಾತು ಕೊಡಲು ಸೊಟ್ಟ ಅಕ್ಷರಗಳನ್ನು ಓದಿ ಬರೆಯಬೇಕು. ಇಲ್ಲೊಂದು ಸ್ವಾರಸ್ಯವಿದೆ: 2007ರಲ್ಲಿ ಬಂದ, ಎರಡು ವರ್ಷಗಳ ನಂತರ ಗೂಗಲ್ ಕೊಂಡ ರೀಕ್ಯಾಪ್ಚಾ ಎಂಬ ಇಂಥದ್ದೇ ಪರೀಕ್ಷೆ ನಮ್ಮ ಮುಂದಿಡುತ್ತಿದ್ದ ಪದಗಳಲ್ಲಿ ಹಲವು, ಹಳೆಯ ಪುಸ್ತಕ ಮತ್ತು ಪತ್ರಿಕೆಗಳನ್ನು ಡಿಜಿಟಲೀಕರಿಸುವಾಗ ಕಂಪ್ಯೂಟರಿಗೆ ಓದಲು ಬಾರದೆ ಉಳಿದವುಗಳಾಗಿದ್ದವು. ಮನುಷ್ಯರೆಂದು ಸಾಬೀತುಪಡಿಸುತ್ತಿದ್ದ ಅಷ್ಟೂ ಹೊತ್ತು ನಾವು ಗೊತ್ತಿಲ್ಲದೆಯೇ ಬಿಟ್ಟಿಯಾಗಿ ದುಡಿಯುತ್ತಿದ್ದೆವು. ಕೆಲಸ ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಬಹುತೇಕರನ್ನು ಯಾರೂ ಕೇಳಿರಲಿಲ್ಲ.

ಕಲಿತವರಿಗೆ ಇದು ಬರೀ ಕಿರಿಕಿರಿ. ಕಲಿಯಲಾಗದವರಿಗೆ ಹಾಗಲ್ಲ. ನನ್ನ ದೊಡ್ಡಮ್ಮ ನಿವೃತ್ತ ಶಿಕ್ಷಕಿ, ಮನೆಯ ಲೆಕ್ಕವನ್ನು ಇಂದಿಗೂ ತಪ್ಪಿಲ್ಲದೆ ಬರೆದಿಡುವವರು. ತಮ್ಮ ಖಾತೆಯಲ್ಲಿ ಎಷ್ಟು ಹಣವಿದೆಯೆಂದು ತಿಳಿಯಲು ಅವರು ಈಗ ಪಕ್ಕದ ಮನೆಯ ಹುಡುಗನ ಕೈಗೆ ಫೋನ್ ಕೊಟ್ಟು, ಪಿನ್ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಬೇಕಾಗಿದೆ. ಹುಡುಗ ಒಳ್ಳೆಯವನು, ಸರಿ. ಆದರೆ ತನ್ನ ಹಣದ ಗುಟ್ಟನ್ನು ತಾನೇ ಕಾಯ್ದುಕೊಂಡಿದ್ದ ಒಬ್ಬ ಸ್ವತಂತ್ರ ಹೆಂಗಸನ್ನು ಇಂಥ ಪರಾಧೀನತೆಗೆ ತಳ್ಳಿದ್ದು ಮುಪ್ಪಲ್ಲ. ಕೌಂಟರ್ ಬೇಡವೆಂದು ಎಲ್ಲೋ ಕುಳಿತವರು ತೆಗೆದುಕೊಂಡ ತೀರ್ಮಾನ.

ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ವಾದಕ್ಕೂ ನಾನು ಸಿದ್ಧನಿಲ್ಲ. ಒಂದು ಮೊಹರಿಗಾಗಿ ದಿನವಿಡೀ ಸಾಲಿನಲ್ಲಿ ನಿಲ್ಲಿಸಿ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎನ್ನುತ್ತಿದ್ದ ವ್ಯವಸ್ಥೆಯನ್ನು ಕಂಡವರಾರೂ ಅದಕ್ಕಾಗಿ ಹಂಬಲಿಸಲಾರರು. ಪರದೆಯ ಮೇಲಿನ ಅಕ್ಷರಗಳನ್ನು ಓದಿಹೇಳುವ ತಂತ್ರಾಂಶ ದೃಷ್ಟಿಯಿಲ್ಲದವರಿಗೆ ಪತ್ರಿಕೆ ಓದುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಕಿವಿ ಕೇಳದವರು ವಿಡಿಯೋ ಕರೆಯಲ್ಲಿ ಕೈಸನ್ನೆಯಲ್ಲೇ ಮನಸಾರೆ ಹರಟುತ್ತಾರೆ. ಇಲ್ಲಿ ತಂತ್ರಜ್ಞಾನ ಮನುಷ್ಯನ ಕೈಗೆ ಇಲ್ಲದ ಶಕ್ತಿಯನ್ನು ಕೊಟ್ಟಿತು. ಅರ್ಜಿಯ ಉದಾಹರಣೆಯಲ್ಲಿ ಅದು ಸಂಸ್ಥೆಯ ಖರ್ಚನ್ನು ಮನುಷ್ಯನ ಮೇಲೆ ಹೇರಿತು. ಎರಡನ್ನೂ ಪ್ರಗತಿ ಎಂಬ ಒಂದೇ ಖಾತೆಗೆ ಜಮಾ ಮಾಡುವುದಕ್ಕೆ ನನ್ನ ಆಕ್ಷೇಪವಿದೆ.

ಅಳಿದುಳಿದ ಬಿಡುವಿಗೂ ಗಿರಾಕಿಗಳಿದ್ದಾರೆಂಬುದು ಹೊಸ ವಿಷಯವೇನಲ್ಲ. ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರ ಬರುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು. ಪುಟಕ್ಕೆ ಕೊನೆಯೇ ಇಲ್ಲದಂತೆ ಉರುಳುತ್ತ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದ್ದಾರೆ.

ಯಾವುದೇ ಸೇವೆ ಇನ್ನು ಮುಂದೆ ಸಂಪೂರ್ಣ ಡಿಜಿಟಲ್ ಎಂಬ ಪ್ರಕಟಣೆ ಬಂದಾಗ ಅದರಿಂದ ಸಂಸ್ಥೆಗೆ ಎಷ್ಟು ಗಂಟೆಗಳ ಕೆಲಸ ಉಳಿಯುತ್ತದೆ, ಅಷ್ಟು ಗಂಟೆಗಳ ಕೆಲಸ ಇನ್ನು ಯಾರ ಮನೆಯಲ್ಲಿ ನಡೆಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು. ಸಂಪೂರ್ಣ ಎಂಬ ಆ ಹಟವೇ ಅನಗತ್ಯವೆಂಬುದು ನನ್ನ ಅಭಿಪ್ರಾಯ. ಫೋನಿನಲ್ಲಿ ಮಾಡಬಲ್ಲವರೆಲ್ಲ ತಮ್ಮ ಕೆಲಸವನ್ನು ಅಲ್ಲೇ ಮುಗಿಸಿಕೊಂಡರೆ ಕೌಂಟರಿನ ಮುಂದಿನ ಸಾಲು ತಾನಾಗಿಯೇ ಮೊಟಕಾಗುತ್ತದೆ. ಉಳಿದವರ ಮಾತನ್ನು ಸಾವಧಾನವಾಗಿ ಕೇಳಿಸಿಕೊಂಡು ಅರ್ಜಿ ತುಂಬಿಕೊಡಲು ಅಲ್ಲಿ ಒಬ್ಬರೇ ಗುಮಾಸ್ತರಿದ್ದರೂ ಸಾಕಾಗುತ್ತದೆ.