ಮಾರೆತ್‌ನಿಂದ ಚಿಕ್ಕಜಾಜೂರಿಗೆ: ಅಜ್ಜನ ಕಂಪನಿಯ ಜಾಡು

ಸದ್ಯದ ಸ್ಥಿತಿ

ಎರಡನೇ ಮಹಾಯುದ್ಧದಲ್ಲಿ ನಮ್ಮಜ್ಜ ಇದ್ದ ಸೇನಾ ಕಂಪನಿ ಎಲ್ಲೆಲ್ಲಿ ಹೋಗಿತ್ತು ಅಂತ ಹುಡುಕುತ್ತಿದ್ದೇನೆ. 1943ರ ಮಾರ್ಚ್‌ನಿಂದ 1944ರ ಕೊನೆಯವರೆಗಿನ ಭಾಗ ಹೆಚ್ಚುಕಮ್ಮಿ ತುಂಬಿತು. ಟ್ಯುನೀಶಿಯಾ, ಇಟಲಿ, ಆಮೇಲೆ ಗ್ರೀಸ್. ಕಂಪನಿ ಯಾವ ತಿಂಗಳು ಯಾವ ಕಣಿವೆಯಲ್ಲಿತ್ತು ಅಂತ ಗೋಡೆಗೆ ಅಂಟಿಸಿದ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲೆ. ಕೈಗೆ ಸಿಗದೆ ಸತಾಯಿಸುತ್ತಿರುವುದು ವಾಪಸು ಬಂದ ದಾರಿ, ಅದರಲ್ಲೂ ಬಾಂಬೆಯಿಂದ ಹೊಳಲ್ಕೆರೆವರೆಗಿನ ಕೊನೆಯ ತುಂಡು. ಸಾವಿರಾರು ಮೈಲಿ ಆಚೆಯ ಮೋರಿ ರಿಪೇರಿಗೂ ಕಾಗದ ಇದೆ, ನಮ್ಮದೇ ಜಿಲ್ಲೆಯೊಳಗೆ ಅಜ್ಜ ಹೇಗೆ ಬಂದರು ಎನ್ನುವುದಕ್ಕೆ ಒಂದು ಚೀಟಿಯೂ ಇಲ್ಲ.

ಹೊಸಬರಿಗೆ ಹಿನ್ನೆಲೆ: ಅಜ್ಜ ಅಂದರೆ ನಮ್ಮಮ್ಮನ ಅಪ್ಪ. ಹೊಳಲ್ಕೆರೆ ಕಡೆಯವರು. 1941ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಭರ್ತಿಯಾದರು. ಈಗ ಅದನ್ನೇ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಅನ್ನುತ್ತೇವೆ. ಸ್ಯಾಪರ್ ಅಂದರೆ ಸೇನೆಯ ಎಂಜಿನಿಯರ್ ಪಡೆಯ ಸಿಪಾಯಿ. ರಸ್ತೆ, ಸೇತುವೆ, ಕುಡಿಯುವ ನೀರು, ನೆಲದಲ್ಲಿ ಹೂತ ಬಾಂಬು, ಅಂದರೆ ಮೈನ್, ತೆಗೆಯುವುದು ಎಲ್ಲ ಅವನ ತಲೆ ಮೇಲೆ. ಮುಳ್ಳುತಂತಿ ಬೇಲಿ ಸಿಡಿಸುವ ಬ್ಯಾಂಗಲೋರ್ ಟಾರ್ಪಿಡೊ ಹುಟ್ಟಿದ್ದು ಇದೇ ಪಡೆಯಲ್ಲಿ, 1912ರಲ್ಲಿ, ಮೆಕ್ಲಿಂಟಾಕ್ ಎಂಬ ಕ್ಯಾಪ್ಟನ್ ಕೈಯಲ್ಲಿ. ಪಡೆಯಲ್ಲಿ ತಮಿಳರೇ ಹೆಚ್ಚು. ಅಜ್ಜ ಸಿಟ್ಟು ಬಂದರೆ ತಮಿಳಿನಲ್ಲೇ ಬೈಯುತ್ತಿದ್ದರಂತೆ.

ಪದಕಗಳು

ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದಿದ್ದು ಅಜ್ಜ ಬರ್ಮಾ ಯುದ್ಧಕ್ಕೆ ಹೋಗಿದ್ದರು ಅಂತ. ಎಲೆಅಡಿಕೆ ಡಬ್ಬಿಯಲ್ಲಿದ್ದ ಪದಕಗಳು ಬೇರೆಯೇ ಹೇಳುತ್ತವೆ. ಬರ್ಮಾ ಸ್ಟಾರ್ ಇಲ್ಲ. ಇಟಲಿ ಸ್ಟಾರ್ ಇದೆ. ಕೆಂಪು, ಬಿಳಿ, ಹಸಿರಿನ ರಿಬ್ಬನ್ ಮಾಸಿದ್ದರೂ ಗುರುತು ಸಿಗುತ್ತದೆ. ಜತೆಗೆ ಆಫ್ರಿಕಾ ಸ್ಟಾರ್, ಅದರ ರಿಬ್ಬನ್ ಮೇಲೆ ಬೆರಳ ಗೆಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಲೋಹದ ಪಟ್ಟಿ. ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದ ಅತ್ತೆಯ ಕೈಯಿಂದ ಕಿತ್ತುಕೊಂಡು ಲೆನ್ಸ್ ಹಿಡಿದು ನೋಡಿದೆ: 8ನೇ ಸೇನೆ ಎಂದು ಇಂಗ್ಲಿಷಿನಲ್ಲಿದೆ. ಆ ಪಟ್ಟಿ ಸಿಗುತ್ತಿದ್ದುದು 1942ರ ಅಕ್ಟೋಬರ್ 23ರಿಂದ 1943ರ ಮೇ 12ರ ಒಳಗೆ ಉತ್ತರ ಆಫ್ರಿಕಾದಲ್ಲಿ ಕಾದಾಡಿದ ಬ್ರಿಟನ್ನಿನ ಎಂಟನೇ ಸೇನೆಯಲ್ಲಿ ಇದ್ದವರಿಗೆ ಮಾತ್ರ. ಅಂದರೆ ಈಜಿಪ್ಟಿನ ಎಲ್ ಅಲಮೈನ್‌ನಿಂದ ಟ್ಯೂನಿಸ್‌ವರೆಗಿನ ಓಟದಲ್ಲಿ ಅಜ್ಜ ಎಲ್ಲೋ ಇದ್ದರು. ಪದಕದ ಹಿಂಬದಿಯಲ್ಲಿ ನಂಬರು, ಹೆಸರು, ಪಡೆ ಕೊರೆದಿದೆ. ಬ್ರಿಟಿಷ್ ಸಿಪಾಯಿಗಳಿಗೆ ಕೊಟ್ಟ ಸ್ಟಾರ್‌ಗಳಲ್ಲಿ ಹೆಸರೇ ಇರುವುದಿಲ್ಲ. ಇದೊಂದರಲ್ಲಿ ನಾವು ಪುಣ್ಯವಂತರು.

ಸೋದರಮಾವನಿಗೆ ಫೋನ್ ಮಾಡಿ ಹೇಳಿದೆ. "ಲೇ, ಅದ್ಯಾವ ಇಟಲಿನೋ ಎಂತದೋ, ನಮ್ಮಪ್ಪ ಬರ್ಮಾ ಅಂತಾನೇ ಹೇಳ್ತಿದ್ದುದು" ಅಂದರು. ಊರಲ್ಲಿ ಯುದ್ಧ ಅಂದರೇ ಬರ್ಮಾ ಆಗಿತ್ತು, ಅಜ್ಜ ಎಷ್ಟು ಜನಕ್ಕೆ ಅಂತ ತಿದ್ದಿಯಾರು?

ಡಿಸ್ಚಾರ್ಜ್ ಕಾಗದದಲ್ಲಿ 12ನೇ ಫೀಲ್ಡ್ ಕಂಪನಿ ಅಂತ ಇರುವುದೇ ಇಡೀ ಕೆಲಸದ ಬೀಗದ ಕೈ. ಸಾಮಾನ್ಯ ಸಿಪಾಯಿಯ ಹೆಸರು ಹಿಡಿದು ಹುಡುಕಿದರೆ ಏನೂ ಸಿಗದು. ಕಂಪನಿಯ ನಂಬರು ಹಿಡಿದರೆ ಅದು ಸೇರಿದ್ದ ದೊಡ್ಡ ಪಡೆ, ಅಂದರೆ ಡಿವಿಜನ್, ಸಿಗುತ್ತದೆ. 12ನೇ ಕಂಪನಿ ಇದ್ದದ್ದು 4ನೇ ಭಾರತೀಯ ಡಿವಿಜನ್‌ನಲ್ಲಿ.

ವಾರ್ ಡೈರಿ

ಪ್ರತಿ ಕಂಪನಿಯ ಅಧಿಕಾರಿ ದಿನಾ ಬರೆಯಬೇಕಿದ್ದ ಡೈರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಮಧ್ಯಪ್ರಾಚ್ಯದವು ಡಬ್ಲ್ಯುಒ (ವಾರ್ ಆಫೀಸ್) 169 ಸರಣಿಯಲ್ಲಿ, ಇಟಲಿಯವು 170ರಲ್ಲಿ, ಬರ್ಮಾ ಕಡೆಯವು 172ರಲ್ಲಿ. ಅಲ್ಲಿ ಹೋಗಿ ನಮ್ಮದೇ ಕ್ಯಾಮೆರಾದಲ್ಲಿ ಫೋಟೊ ತೆಗೆದುಕೊಂಡರೆ ದುಡ್ಡಿಲ್ಲ. ಗೆಳೆಯನ ಮಗಳು ಅಲ್ಲಿ ಓದುತ್ತಿದ್ದಾಳೆ. ಪಾಪ, ರಜೆ ದಿನ ಕೂತು ಪುಟ ತಿರುವಿ ಕಳಿಸಿದಳು. ಅವಳಿಗೆ ಒಂದು ಡಬ್ಬಿ ಚಟ್ನಿಪುಡಿ ಬಾಕಿ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೈರಿಯಲ್ಲಿ ನಿಮ್ಮ ಅಜ್ಜನ ಹೆಸರು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಧಿಕಾರಿಗಳಿಗೆ ಹೆಸರು, ಉಳಿದವರಿಗೆ ಐ.ಒ.ಆರ್., ಅಂದರೆ ಇಂಡಿಯನ್ ಅದರ್ ರ್ಯಾಂಕ್ಸ್, ಮುಂದೆ ಒಂದು ಸಂಖ್ಯೆ. ಸ್ಥಳ, ದಿನ, ಗಂಟೆ, ಏನಾಯಿತು, ಇಷ್ಟೇ ಕಾಲಂ.

ಮಾರೆತ್ ಭಾಗ ನನಗೆ ಬಹಳ ಹಿಡಿಸಿತು. ಲಿಬಿಯಾದ ಇಟಾಲಿಯನ್ನರು ನುಗ್ಗದಿರಲಿ ಎಂದು ಫ್ರೆಂಚರು ಟ್ಯುನೀಶಿಯಾದಲ್ಲಿ ಕಟ್ಟಿದ್ದ ಕೋಟೆಸಾಲು ಅದು. ಯುದ್ಧ ಬಂದಾಗ ಅದರೊಳಗೆ ಕೂತವರು ಜರ್ಮನ್ನರು ಮತ್ತು ಇಟಾಲಿಯನ್ನರೇ. ಎದುರಿಗೆ ವಾದಿ ಜಿಗ್‌ಜಾವ್, ದಂಡೆ ಕಡಿದಾದ ಒಂದು ಹಳ್ಳ. ನಮ್ಮ ಬಯಲುಸೀಮೆಯ ಹಳ್ಳದ ಹಾಗೇ ವರ್ಷದಲ್ಲಿ ಹೆಚ್ಚು ದಿನ ಒಣಗಿದ್ದು, ಮಳೆ ಬಂದರೆ ಕೆಸರು. 1943ರ ಮಾರ್ಚ್ 20ರ ರಾತ್ರಿ ಬ್ರಿಟಿಷ್ ಕಾಲ್ದಳ ದಾಟಿತು. ಟ್ಯಾಂಕ್, ಫಿರಂಗಿ ದಾಟಲು ದಾರಿ ಸಾಲಲಿಲ್ಲ. ಆಗ 4ನೇ ಭಾರತೀಯ ಡಿವಿಜನ್ನಿನ ಸ್ಯಾಪರ್‌ಗಳನ್ನು ಕರೆಸಿದರು. ಕಡ್ಡಿಪೊದೆಗಳ ಹೊರೆ ಕಟ್ಟಿ ಹಳ್ಳಕ್ಕೆ ತುಂಬಿ, ಮೇಲೆ ಗುಂಡು ಹಾರುತ್ತಿರುವಾಗಲೇ ದಾರಿ ಮಾಡಿದರು. ಅಷ್ಟರಲ್ಲಿ ಆಚೆ ದಂಡೆಯವರು ಜರ್ಮನ್ ಪ್ರತಿದಾಳಿಗೆ ಸಿಕ್ಕು ಹಿಂದಕ್ಕೆ ಬರಬೇಕಾಯಿತು. ಎಂಟನೇ ಸೇನೆಯ ದಂಡನಾಯಕ ಮಾಂಟ್ಗೊಮರಿ ಇಲ್ಲಿಯ ಆಸೆ ಬಿಟ್ಟು ಎಲ್ ಹಮ್ಮಾ ಕಡೆಯಿಂದ ಸುತ್ತು ಹಾಕಿದ. ಯುದ್ಧದ ಇತಿಹಾಸದಲ್ಲಿ ಈ ದಾಟು ಸೋಲಿನ ಲೆಕ್ಕ. ನಾನು ಮಾತ್ರ ಅದನ್ನು ಕೆಲಸ ಮುಗಿದ ಲೆಕ್ಕಕ್ಕೆ ಹಾಕಿಕೊಂಡಿದ್ದೇನೆ.

ಕಾಸಿನೊ

ಇಟಲಿಯ ಕಾಸಿನೊದಲ್ಲೂ ಅದೇ ಕತೆ. 1944ರ ಫೆಬ್ರವರಿ 15ರಂದು ಬೆಟ್ಟದ ಮೇಲಿನ ಮಠವನ್ನು ವಿಮಾನಗಳು ಪುಡಿಗಟ್ಟಿದವು. ಡೈರಿಯಲ್ಲಿ 593 ಎಂಬ ಅಂಕಿ ಮೇಲಿಂದ ಮೇಲೆ ಬರುತ್ತದೆ. ಅದು ಬೆಟ್ಟದ ಎತ್ತರ, ಮೀಟರ್ ಲೆಕ್ಕದಲ್ಲಿ, ಅದೇ ಬೆಟ್ಟದ ಹೆಸರೂ ಆಗಿತ್ತು. ಹಿಂದಿನ ಕಡೆಯಿಂದ ಕೈರಾ ಎಂಬ ಹಳ್ಳಿಯಿಂದ ಹೇಸರಗತ್ತೆ ಹೋಗುವ ಕಾಲುದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದರು, ಶತ್ರುವಿನ ಕಣ್ಣಿಗೆ ಬೀಳದ ಹಾಗೆ. ಕ್ಯಾವೆಂಡಿಶ್ ರಸ್ತೆ ಅಂತ ಅದಕ್ಕೆ ಹೆಸರು. 4ನೇ ಡಿವಿಜನ್ನಿನ ಸ್ಯಾಪರ್‌ಗಳೂ ನ್ಯೂಜಿಲೆಂಡ್ ಎಂಜಿನಿಯರ್‌ಗಳೂ ಸೇರಿ ಮಾಡಿದ ಕೆಲಸ. ಮಾರ್ಚ್ 19ರಂದು ಟ್ಯಾಂಕ್‌ಗಳು ಹತ್ತಿಯೇ ಹತ್ತಿದವು. ಜತೆಗೆ ಕಾಲ್ದಳ ಇರಲಿಲ್ಲ, ದಾಳಿ ಕೆಟ್ಟಿತು.

ಅದೇ ಡಿವಿಜನ್ನಿನ 11ನೇ ಫೀಲ್ಡ್ ಪಾರ್ಕ್ ಕಂಪನಿಯ ಸುಬೇದಾರ್ ಸುಬ್ರಮಣ್ಯಂ ಸತ್ತದ್ದು ಫೆಬ್ರವರಿ 24ರಂದು, ಮಿನ್ಯಾನೊದಲ್ಲಿ. ಜತೆಯವನ ಕಾಲ ಕೆಳಗೆ ಮೈನ್ ಕದಲಿದಾಗ ಉಳಿದವರನ್ನು ಉಳಿಸಲು ಅದರ ಮೇಲೇ ಬಿದ್ದರು. ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ಅಜ್ಜನಿಗೆ ಅವರ ಪರಿಚಯ ಇತ್ತೋ ಇಲ್ಲವೋ, ಆ ಹೆಸರು ಕೇಳದೆ ಇರಲು ಸಾಧ್ಯವಿಲ್ಲ.

ಇಟಲಿಯಲ್ಲಿ ಹೊಳೆ ಸಿಕ್ಕಲ್ಲೆಲ್ಲ ಬೇಲಿ ಸೇತುವೆ. ಮುಳ್ಳುಬೇಲಿಯಲ್ಲ, ಡೊನಾಲ್ಡ್ ಬೇಲಿ ಎಂಬ ಇಂಗ್ಲಿಷ್ ಎಂಜಿನಿಯರನ ಹೆಸರು; ಬಿಡಿ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಸೇತುವೆ. ಕಬ್ಬಿಣದ ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕಿಲೋ, ಹೊರಲು ಆರು ಜನ. ಇದನ್ನು ಓದಿ ಹೇಳಿದಾಗ ಮಾವನಿಗೆ ಥಟ್ಟನೆ ನೆನಪಾಯಿತು: ಮನೆ ಕಟ್ಟುವಾಗ ತೊಲೆ ಏರಿಸಲು ಅಜ್ಜ ಆಳುಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಜೋಡಿ ಜೋಡಿ ಮಾಡಿ, "ಹೂಂ" ಅಂದಮೇಲೇ ಎತ್ತಿಸುತ್ತಿದ್ದರು. ಗಡಿಬಿಡಿ ಮಾಡಿದವನನ್ನು ಪಕ್ಕಕ್ಕೆ ಕಳಿಸುತ್ತಿದ್ದರು. ಇಂಥದ್ದು ಯಾವ ಡೈರಿಯಲ್ಲಿ ಸಿಗುತ್ತದೆ?

ವಾಪಸು

ಡಿವಿಜನ್ 1944ರ ಕೊನೆಗೆ ಗ್ರೀಸ್‌ಗೆ ಹೋಗಿ, 1946ರಲ್ಲಿ ಭಾರತಕ್ಕೆ ಮರಳಿತು. ಅಜ್ಜ ಕಂಪನಿಯ ಜತೆ ಬರಲಿಲ್ಲ, ಬಿಡುಗಡೆಯ ಸರದಿ ಮೊದಲೇ ಬಂದಿತ್ತು. ಕಾಗದದಲ್ಲಿ ಹಡಗಿಳಿದದ್ದು ಬಾಂಬೆ, ಡಿಸ್ಚಾರ್ಜ್ ಆದದ್ದು ಬೆಂಗಳೂರು. ನಡುವಿನದು ಖಾಲಿ.

ಆಗ ಬಾಂಬೆಯಿಂದ ಬೆಂಗಳೂರಿಗೆ ಎರಡು ದಾರಿ. ಒಂದು ರಾಯಚೂರು, ಗುಂತಕಲ್ ಮೇಲೆ. ಇನ್ನೊಂದು ಪುಣೆಯಲ್ಲಿ ಬದಲಿಸಿ ಮೀಟರ್ ಗೇಜಿನಲ್ಲಿ ಮಿರಜ್, ಬೆಳಗಾವಿ, ಹುಬ್ಬಳ್ಳಿ, ಹರಿಹರ, ದಾವಣಗೆರೆ, ಚಿಕ್ಕಜಾಜೂರು, ಬೀರೂರು. ಮೊದಲನೆಯದೇ ಇರಬೇಕು ಅಂತ ನನ್ನ ಅಂದಾಜಿತ್ತು. ಮಾವನ ಒಂದೇ ಮಾತು ಅದನ್ನು ತಿರುಗಿಸಿತು. "ಹರಿಹರದ ಹೊಳಿ ದಾಟಿದ್ ಮ್ಯಾಲೆ ಊರು ಬಂದ್ಹಂಗೇ ಆತು, ಆದ್ರ ಇಳಿಯಂಗಿರ್ಲಿಲ್ಲ ಅಂತಿದ್ದ ನಮ್ಮಪ್ಪ."

ಇಳಿಯುವಂತಿರಲಿಲ್ಲ ಎನ್ನುವುದು ಸರಿಯೇ. ಚಿತ್ರದುರ್ಗದ ಕವಲು ಲೈನು ಚಿಕ್ಕಜಾಜೂರಿನಿಂದ ಹೊರಟು ಹೊಳಲ್ಕೆರೆ ಮೇಲೆಯೇ ಹೋಗುತ್ತದೆ. ವರ್ಷಗಟ್ಟಲೆ ದೂರವಿದ್ದು ಬಂದ ಮನುಷ್ಯ ತನ್ನೂರಿನ ಜಂಕ್ಷನ್ನಿನಲ್ಲಿ ಕೂತಲ್ಲೇ ಕೂತು ಬೆಂಗಳೂರಿಗೆ ಹೋಗಿ, ಬೂಟು ಕಂಬಳಿ ಲೆಕ್ಕ ಒಪ್ಪಿಸಿ, ಕಾಗದ ಪಡೆದು, ಮತ್ತೆ ಅದೇ ಹಳಿಯ ಮೇಲೆ ಚಿಕ್ಕಜಾಜೂರಿಗೆ ಬರಬೇಕಾಯಿತು. ಮಾವನ ಮಾತೊಂದೇ ಆಧಾರ, ಆದ್ದರಿಂದ ನಕ್ಷೆಯಲ್ಲಿ ಈ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದಿದ್ದೇನೆ; ಉಳಿದವೆಲ್ಲ ಕೆಂಪು ಇಂಕು.

ಮುಂದಿನ ಕೆಲಸ

ಗ್ರೀಸ್ ಕಾಲದ ಪುಟಗಳು ಬರಬೇಕು. ಆ ಕಾಲದ ರೈಲ್ವೆ ವೇಳಾಪಟ್ಟಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ, ಪುಣೆ ಗಾಡಿ ಚಿಕ್ಕಜಾಜೂರಿಗೆ ಹಗಲು ಬರುತ್ತಿತ್ತೋ ರಾತ್ರಿಯೋ ನೋಡಬೇಕು. ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಇದೇ ಕಂಪನಿಯ ನಮ್ಮ ಕಡೆಯವರನ್ನು ಹುಡುಕುವುದೂ ಬಾಕಿ. ಚಿತ್ರದುರ್ಗವನ್ನು ಅವರು ಚಿತಲ್‌ಡ್ರೂಗ್, ಚಿತಲ್‌ದ್ರುಗ್ ಅಂತ ಬಗೆಬಗೆಯಾಗಿ ಬರೆಯುತ್ತಿದ್ದರು, ಎಲ್ಲ ರೂಪವನ್ನೂ ಹಾಕಿ ನೋಡಬೇಕು.

ಬೆಂಗಳೂರಿನ ರೆಕಾರ್ಡ್ ಆಫೀಸಿಗೆ ಸೇವಾ ದಾಖಲೆ ಕೇಳಿ ಅರ್ಜಿ ಸಿದ್ಧವಿದೆ. ವಾರಸುದಾರರು ಅಂತ ತೋರಿಸಬೇಕು. ಪದಕದ ಹಿಂಬದಿಯಲ್ಲಿ ಅಜ್ಜನ ಹೆಸರು ತಮಿಳು ಗುಮಾಸ್ತನ ಕಿವಿಗೆ ಕೇಳಿಸಿದ ಹಾಗಿದೆ, ಅಮ್ಮನ ಶಾಲೆಯ ಟಿ.ಸಿ.ಯಲ್ಲಿ ಬೇರೆ ಇದೆ. ಸೋಮವಾರ ಕೋರ್ಟ್ ಹತ್ತಿರ ನೋಟರಿ ಹಿಡಿದು ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸುತ್ತೇನೆ. ಮಾವ ಸಹಿ ಹಾಕಲು ಒಪ್ಪಿದ್ದಾರೆ, ಅದರಲ್ಲಿ ಇಟಲಿ ಅಂತ ಬರೆಯಬಾರದು ಎನ್ನುವ ಷರತ್ತಿನ ಮೇಲೆ.