ಎರಡು ಕಪ್ಪು ಗುರುತು

ಬುಧವಾರ ಬೆಳಗ್ಗೆ ಲ್ಯಾಬಿನ ಮಾನಿಟರ್ ಮೇಲೆ ಮೊದಲನೇ ವೇಫರಿನ, ಅಂದರೆ ಸೋಲಾರ್ ಸೆಲ್ ಮಾಡುವ ತೆಳು ಸಿಲಿಕಾನ್ ಬಿಲ್ಲೆಯ, ಚಿತ್ರ ಬಂತು. ಎಡಗಡೆ ಮೂಲೆಯಲ್ಲಿ ಎರಡು ಕಪ್ಪು ಗುರುತು. ಎರಡನೆಯದರಲ್ಲೂ ಅದೇ ಮೂಲೆ, ಅದೇ ಗುರುತು. ಏಳನೇ ಚಿತ್ರ ಬರುವ ಹೊತ್ತಿಗೆ ನನ್ನ ಕೈ ತಣ್ಣಗಾಗಿತ್ತು. ಅದು ಚಿಮುಟದ ಗುರುತು.

ಸಿಲಿಕಾನ್ ವೇಫರ್ ಮೇಲೆ ಜೋರು ಬೆಳಕು ಬಿಟ್ಟರೆ ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸಣ್ಣಗೆ ಹೊರಬಿಡುತ್ತದೆ. ಅದನ್ನು ಹಿಡಿಯುವ ಕ್ಯಾಮೆರಾ ನಮ್ಮಲ್ಲಿದೆ. ವೇಫರ್ ಚೆನ್ನಾಗಿರುವ ಕಡೆ ಬೆಳ್ಳಗೆ ಕಾಣುತ್ತದೆ, ಕೆಟ್ಟಿರುವ ಕಡೆ ಕಪ್ಪು. ಬಿಸಿಲು ಬಿದ್ದಾಗ ಒಳಗೆ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದಲ್ವಾ, ಅದು ತಂತಿ ಸೇರುವವರೆಗೆ ಬದುಕಿರಬೇಕು. ಕಪ್ಪು ಜಾಗದಲ್ಲಿ ಅದು ದಾರಿಯಲ್ಲೇ ಕಳೆದುಹೋಗುತ್ತದೆ.

ಹಿಂದಿನ ರಾತ್ರಿ ನಡೆದದ್ದು ಇಷ್ಟು. ವೇಫರ್‌ಗಳನ್ನೆಲ್ಲ ತೊಳೆದು ಆಗಿತ್ತು. ಮೇಲ್ಮೈ ಕಾಯುವ ತೆಳು ಆಕ್ಸೈಡ್ ಪದರ ಬೆಳೆಸಲು 900 ಡಿಗ್ರಿಗಿಂತ ಜಾಸ್ತಿ ಕಾದ ಕುಲುಮೆಗೆ ಇಡಬೇಕು. ಪ್ಲಾಸ್ಟಿಕ್ ಚಿಮುಟ ಕೈಗೆ ಸಿಗಲಿಲ್ಲ. ಪಕ್ಕದ ಮೇಜಿನ ಸ್ಟೀಲ್ ಚಿಮುಟ ತಗೊಂಡು ಏಳು ವೇಫರ್ ಎತ್ತಿಟ್ಟೆ. ಆಮೇಲೆ ಪ್ಲಾಸ್ಟಿಕ್ಕಿನದು ಸಿಕ್ಕಿತು. ಒಂದು ನಿಮಿಷದ ಕೆಲಸ.

ಸ್ಟೀಲಿನಿಂದ ಅಂಟಿದ ಕಬ್ಬಿಣ ಆ ಬಿಸಿಯಲ್ಲಿ ಸಿಲಿಕಾನಿನ ಒಳಕ್ಕೆ ಓಡುತ್ತದೆ. ಐದು ಸಾವಿರ ಕೋಟಿ ಸಿಲಿಕಾನ್ ಪರಮಾಣುಗಳ ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು ಇದ್ದರೂ ಒಳ್ಳೆಯ ವೇಫರ್ ಕೆಡಲು ಸಾಕು. ಕೊಡ ಹಾಲಿಗೆ ಒಂದು ತೊಟ್ಟು ಹುಳಿ ಎನ್ನುತ್ತೇವಲ್ಲ, ಇದು ಅದಕ್ಕಿಂತಲೂ ಎಷ್ಟೋ ಸಣ್ಣ ಲೆಕ್ಕ.

ನಾನು ಪಾವಗಡ ಸೀಮೆಯವಳು. ನಮ್ಮ ಕಡಲೆಕಾಯಿ ಹೊಲ ಈಗ ಸೋಲಾರ್ ಪಾರ್ಕಿನ ಒಳಗಿದೆ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾಯಿತು. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಅಪ್ಪನಿಗೆ ಅದು ದೊಡ್ಡ ಆಸರೆ. ಆದರೆ ಆ ಕಡೆ ಹೋದಾಗಲೆಲ್ಲ ಬೇಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ.

ಅದಕ್ಕೇ ಬಿಸಿಲನ್ನು ಕರೆಂಟ್ ಮಾಡುವ ಲೆಕ್ಕದಲ್ಲಿ ಅರ್ಧ ಪರ್ಸೆಂಟ್ ಎಂದರೆ ನನಗೆ ಸಣ್ಣದಲ್ಲ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ತೋರಿಸಿದ ಸಿಲಿಕಾನ್ ಸೆಲ್ ಬಿಸಿಲಿನ ಸುಮಾರು 6 ಪರ್ಸೆಂಟನ್ನು ಕರೆಂಟಾಗಿ ಮಾಡಿತು. 1985ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಗ್ರೀನ್ ತಂಡ 20 ಮುಟ್ಟಿತು. ಮೇಲ್ಮೈಯನ್ನು ತೆಳು ಆಕ್ಸೈಡಿನಿಂದ ಹೊದಿಸಿದ್ದು ಅವರಿಗೆ ತುಂಬಾ ಕೈಹಿಡಿಯಿತು. ಸಿಲಿಕಾನ್ ಒಂದರಿಂದಲೇ ಹೋಗಬಹುದಾದ ಕೊನೆ ಸುಮಾರು 29.4. ಉಳಿದಿರುವ ದಾರಿ ಗಿಡ್ಡ, ಹತ್ತುವುದು ಕಷ್ಟ. ಆದರೂ 20ರ ಜಾಗದಲ್ಲಿ 20.5 ಆದರೆ, ಪಾವಗಡದಷ್ಟೇ ನೆಲದಲ್ಲಿ ಸುಮಾರು 50 ಮೆಗಾವ್ಯಾಟ್ ಜಾಸ್ತಿ ಸಿಗುತ್ತದೆ. ಇನ್ನೊಬ್ಬರ ಹೊಲ ಕೇಳಬೇಕಾಗಿಲ್ಲ.

ಗೈಡ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಚಿತ್ರ ನೋಡಿದರು. "ಏಳನ್ನು ಬಿಡು, ಹೊಸದಾಗಿ ಮಾಡು," ಎಂದರಷ್ಟೇ.

ಮತ್ತೆ ಮೊದಲಿಂದ. ಅಮೋನಿಯಾ ಸೇರಿಸಿದ ಪೆರಾಕ್ಸೈಡ್, ನೀರು, ಲೋಹ ತೆಗೆಯುವ ಹೈಡ್ರೋಕ್ಲೋರಿಕ್ ಆಸಿಡ್ ತೊಳೆತ, ಮತ್ತೆ ನೀರು. ಕೊನೆಗೆ ಹೈಡ್ರೋಫ್ಲೋರಿಕ್ ಆಸಿಡ್. ಇದು ಚರ್ಮ ದಾಟಿ ಮೂಳೆಯವರೆಗೂ ಇಳಿಯುತ್ತದೆ. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಇಲ್ಲದೆ ಮುಟ್ಟುವ ಹಾಗಿಲ್ಲ. ಆದರೆ ನನಗೆ ತುಂಬಾ ಇಷ್ಟವಾದ ಗಳಿಗೆಯೂ ಇದೇ. ಆಸಿಡ್‌ಗೆ ಹಾಕುವ ಮುಂಚೆ ನೀರು ವೇಫರಿನ ಮೇಲೆಲ್ಲ ಹರಡಿ ಅಂಟಿಕೊಂಡಿರುತ್ತದೆ. ತೊಳೆಯುವಾಗ ಮೇಲೆ ಕೂತ ತೆಳು ಆಕ್ಸೈಡ್ ಕರಗಿತೋ, ಕೆಸುವಿನ ಎಲೆಯ ಮೇಲಿನ ಹಾಗೆ ಜಾರಿ ಹೋಗುತ್ತದೆ. ಎತ್ತಿದರೆ ಒಣಗಿದ ವೇಫರ್ ಕೈಗೆ ಬರುತ್ತದೆ. ಸಿಲಿಕಾನ್ ಬರಿಮೈಯಲ್ಲಿದೆ ಎಂದು ನೀರೇ ಹೇಳುತ್ತದೆ.

ಈ ಸಲ ಪ್ಲಾಸ್ಟಿಕ್ ಚಿಮುಟವನ್ನು ಮೊದಲೇ ತೊಳೆದು ಎದುರಿಗಿಟ್ಟುಕೊಂಡಿದ್ದೆ.

ಶುಕ್ರವಾರ ಸಂಜೆ ಏಳೂ ಚಿತ್ರ ಬಂದವು. ಮೂಲೆಯಿಂದ ಮೂಲೆಗೆ ಬೆಳ್ಳಗೆ. ಒಂದನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಕೂಡಲೇ ಫೋನ್ ಬಂತು.

"ಏನಮ್ಮಾ ಇದು, ಬರೀ ಬಿಳಿ ಹಾಳೆ ಕಳ್ಸಿದ್ದೀಯ?"

"ಹೌದಪ್ಪ, ಅದೇ ಬೇಕಾಗಿತ್ತು," ಎಂದೆ.